ಮಡ್ಡಿಯ ಮೇಲಿನ ಗೆಳತಿ

ಮದುವೆಯಾಗಿ ಧಾರವಾಡದಿಂದ ಗಜೇಂದ್ರಗಡಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಈ ಊರಿನಲ್ಲಿ ನನಗೆ ಸರಿಯಾಗಿ ಗೊತ್ತಿದ್ದದ್ದು ನಮ್ಮ ಮನೆ, ಪೇಟೆಯಲ್ಲಿರುವ ನಮ್ಮ ಸೀರೆ ಅಂಗಡಿ ಮತ್ತು ತವರಿಗೆ ಹೋಗುವ ಬಸ್ ಸ್ಟ್ಯಾಂಡು, ಇಷ್ಟೇ. ಗುಡ್ಡವನ್ನು ದಿನಾ ನೋಡುತ್ತಿದ್ದೆ. ಅದರ ಬುಡದಲ್ಲಿ ಒಂದಿಷ್ಟು ತಗಡಿನ ಮನೆಗಳಿವೆ ಎಂದೂ ಕೇಳಿದ್ದೆ. ಆದರೆ ಅವು ನಮ್ಮ ಹಿತ್ತಲಿನ ಗೇಟಿನಿಂದ ಹೊರಟರೆ ಹಾಲು ಕಾಯುವಷ್ಟರಲ್ಲಿ ಮುಟ್ಟಬಹುದಾದಷ್ಟು ಹತ್ತಿರ ಎಂಬುದು ಗೊತ್ತಿರಲಿಲ್ಲ.

ಅದು ಗೊತ್ತಾಗಿದ್ದು ನನಗೆ ಸಕ್ಕರೆ ಕಾಯಿಲೆ ಶುರುವಾಗಿ, ಡಾಕ್ಟರು ದಿನವೂ ನಡೆಯಲೇಬೇಕು ಎಂದು ಹೇಳಿದಾಗ. ಪೇಟೆಯ ರಸ್ತೆಯಲ್ಲಿ ನಡೆದರೆ ಹೆಜ್ಜೆಗೊಬ್ಬರು ನಿಲ್ಲಿಸಿ ಮಾತಾಡಿಸುತ್ತಿದ್ದರು. ಅದಕ್ಕೆ ನಾನು ಹಿಂದಿನ ದಾರಿ ಹಿಡಿದೆ. ಆಗ ಮೂರನೇ ತರಗತಿಯಲ್ಲಿದ್ದ ನನ್ನ ಮಗಳು ಜೊತೆಗೆ ಬಂದಳು. ನಮ್ಮ ಓಣಿಯ ಮಕ್ಕಳೆಲ್ಲ ಸಂಜೆ ಟ್ಯೂಷನ್ನಿಗೆ ಹೋಗುವವರು. ಅವಳಿಗೆ ಆಡಲು ಯಾರೂ ಇರಲಿಲ್ಲ. ಹೊಸ ಪ್ಲಾಟುಗಳನ್ನು ದಾಟಿದರೆ ಡಾಂಬರು ಮುಗಿದು ಕಲ್ಲುನೆಲ ಶುರುವಾಗುತ್ತದೆ. ಅದಕ್ಕೆ ಎಲ್ಲರೂ ಮಡ್ಡಿ ಎನ್ನುತ್ತಾರೆ. ಅಲ್ಲಿರುವವರಲ್ಲಿ ಹೆಚ್ಚಿನವರು ಸೂಡಿ, ಅಸೂಟಿ ಮತ್ತು ಸುತ್ತಲಿನ ಹಳ್ಳಿಗಳಿಂದ ಕೂಲಿಗೆಂದು ಬಂದು ನೆಲೆ ನಿಂತವರು. ಒಂದಿಷ್ಟು ತಿಂಗಳು ಇಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ, ಹೊಲದ ಕೆಲಸ. ಉಳಿದ ತಿಂಗಳು ಗೋವಾ, ಮಂಗಳೂರು.

ಮೊದಲ ದಿನ ಅಲ್ಲಿ ಕಂಡಿದ್ದು ಒಂದು ಬಸ್ಸು. ಅರ್ಧಕ್ಕೆ ನಿಂತ ಸಮುದಾಯ ಭವನದ ಕಟ್ಟೆಯ ಮೇಲೆ ಎಂಟು ಹತ್ತು ಹುಡುಗರು ಇಬ್ಬಿಬ್ಬರಾಗಿ ಸಾಲಾಗಿ ಕೂತಿದ್ದರು. ಮುಂದೆ ಕೂತವನ ಕೈಯಲ್ಲಿ ಸೈಕಲ್ಲಿನ ರಿಮ್ಮು. ಸೊಂಟದ ಮೇಲೆ ಕೂಸನ್ನು ಹೊತ್ತ ಒಬ್ಬ ಹುಡುಗಿ ಕಂಡಕ್ಟರ್ ಆಗಿದ್ದಳು. "ಯಾರ್ರೀ ಗೋವಾ? ಲಗೂ ಹತ್ರಿ! ಗಂಟು ಮ್ಯಾಲ ಹಾಕ್ರಿ, ಕಾಲಾಗ ಇಡಬ್ಯಾಡ್ರಿ!" ಎಂದು ಗದರುತ್ತಿದ್ದಳು. ಧ್ವನಿ ಥೇಟ್ ನಮ್ಮ ಡಿಪೋದ ಕಂಡಕ್ಟರನದೇ. ನನ್ನ ಮಗಳು ನನ್ನ ಕೈ ಬಿಡಿಸಿಕೊಂಡು ಓಡಿ, "ನನಗ ಕಿಟಕಿ ಸೀಟು ಬೇಕು" ಎಂದಳು.

"ಕಿಟಕಿ ಸೀಟು ವಾಂತಿ ಮಾಡೋರಿಗೆ," ಎಂದಳು ಕಂಡಕ್ಟರ್ ಹುಡುಗಿ. "ನೀ ವಾಂತಿ ಮಾಡ್ತಿಯೇನು?"

ಮಗಳು ಸ್ವಲ್ಪ ಯೋಚಿಸಿ, "ಮಾಡ್ತೀನಿ" ಎಂದಳು. ಸೀಟು ಸಿಕ್ಕಿತು.

ಹಾಗೆ ಶುರುವಾಯಿತು ಆ ಗೆಳೆತನ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು, ಎತ್ತರವೂ ಒಂದೇ. ಹುಡುಗಿ ಸರಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಅವಳ ಸೊಂಟದ ಮೇಲಿರುತ್ತಿದ್ದವನು ತಮ್ಮ, ಇನ್ನೂ ಎರಡು ತುಂಬದವನು. ಅವನನ್ನು ಹೊತ್ತುಕೊಂಡೇ ಅವಳು ಓಡುತ್ತಿದ್ದಳು, ಕುಂಟಾಟ ಆಡುತ್ತಿದ್ದಳು, ಜಗಳವಾಡುತ್ತಿದ್ದಳು. ತೀರಾ ತೊಡಕಾದಾಗ ಮಾತ್ರ ಅವನನ್ನು ನನ್ನ ತೊಡೆಯ ಮೇಲೆ ಇಳಿಸಿ, "ಅಕ್ಕಾರ, ಒಂಚೂರು ಹಿಡೀರಿ" ಎಂದು ಓಡುತ್ತಿದ್ದಳು.

ಆಮೇಲೆ ನನ್ನ ನಡಿಗೆ ಎಂಬುದು ಹೆಸರಿಗಷ್ಟೇ ಉಳಿಯಿತು. ನಾನು ಕಟ್ಟೆಯ ಮೇಲೆ ಕೂರುತ್ತಿದ್ದೆ. ದೊಡ್ಡವರೆಲ್ಲ ಕೆಲಸದಿಂದ ಬರುವಾಗ ಕತ್ತಲಾಗುತ್ತಿತ್ತು. ಅಲ್ಲಿಯವರೆಗೆ ಮಕ್ಕಳು ಮಕ್ಕಳನ್ನೇ ನೋಡಿಕೊಳ್ಳಬೇಕು. ನಾನು ಚುರುಮುರಿ, ಬೇಯಿಸಿದ ಶೇಂಗಾ ಒಯ್ಯುತ್ತಿದ್ದೆ. ಹುಡುಗಿಯರ ತಲೆ ಬಾಚಿ ಹೆಣಿಕೆ ಹಾಕುತ್ತಿದ್ದೆ. ಕತೆ ಹೇಳುತ್ತಿದ್ದೆ. ನಾನೇನೋ ದೊಡ್ಡ ಸೇವೆ ಮಾಡುತ್ತಿದ್ದೇನೆಂದು ಅನಿಸುತ್ತಿರಲಿಲ್ಲ; ಮನೆಯಲ್ಲಿ ಟೀವಿ ಮುಂದೆ ಕೂರುವುದಕ್ಕಿಂತ ಅಲ್ಲಿ ಕೂರುವುದು ನನಗೇ ಹಿತವಾಗಿತ್ತು.

ಒಂದು ಸಂಜೆ ಅರಮನೆಯ ಕತೆ ಹೇಳುತ್ತಿದ್ದೆ. ರಾಜನಿಗೊಂದು ಕೋಣೆ, ರಾಣಿಗೊಂದು ಕೋಣೆ, ರಾಜಕುಮಾರಿಗೊಂದು ಕೋಣೆ ಎಂದು ಹೇಳುತ್ತ ಹೋದಾಗ ಹುಡುಗಿ ನಡುವೆಯೇ ತಡೆದಳು.

"ಒಬ್ಬೊಬ್ಬರಿಗೆ ಒಂದೊಂದು ಖೋಲಿ ಯಾಕ ಬೇಕ್ರಿ? ರಾತ್ರಿ ಅಂಜಿಕಿ ಬರಂಗಿಲ್ಲೇನು?"

"ನನಗೂ ಒಂದು ಖೋಲಿ ಐತಿ," ಎಂದಳು ನನ್ನ ಮಗಳು. "ನನಗೇನ ಅಂಜಿಕಿ ಬರಂಗಿಲ್ಲ."

ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಅಸೂಯೆಯಿಂದ ನೋಡಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವರು ಕನಿಕರದಿಂದ ನೋಡಿದರು. ಒಬ್ಬಳೇ ಮಲಗುತ್ತಾಳಂತೆ ಪಾಪ ಎಂಬಂತೆ. ನಾನು ನಕ್ಕು ಕತೆ ಮುಂದುವರಿಸಿದೆ. ಆದರೆ ಅಲ್ಲಿಂದ ಮುಂದೆ ಅರಮನೆಯ ಕೋಣೆಗಳನ್ನು ಹೇಳುವಾಗ ನಾಲಗೆ ತಡವರಿಸಿತು. ಅವರ ಮನೆ ಎಂದರೆ ನಮ್ಮ ದೇವರ ಕೋಣೆಯಷ್ಟು ಅಗಲದ ಒಂದೇ ಒಂದು ತಗಡಿನ ಗೂಡು. ಗುಡ್ಡದ ಮೇಲೆ ಗಾಳಿ ಪಂಖಗಳು ಸಾಲಾಗಿ ತಿರುಗುತ್ತ ಕರೆಂಟು ಮಾಡುತ್ತವೆ. ಅದರ ಬುಡದಲ್ಲೇ ಇರುವ ಇವರ ಗೂಡಿನಲ್ಲಿ ಸಂಜೆಯಾದರೆ ಒಂದು ಬಲ್ಬು, ಅದೂ ಪಕ್ಕದ ಮನೆಯಿಂದ ಎಳೆದ ವೈರಿನದು. ನಮ್ಮ ಓಣಿಯಲ್ಲಿ ನಳ ಬಂದ ದಿನ ನೀರು ತುಂಬಿ ರಸ್ತೆಗೆ ಹರಿಯುತ್ತಿತ್ತು. ಮಡ್ಡಿಯ ಹೆಂಗಸರು ಕೊಡ ಹಿಡಿದು ನಮ್ಮ ಓಣಿಯ ತುದಿಯವರೆಗೆ ಬರುತ್ತಿದ್ದುದನ್ನು ನಾನು ಎಷ್ಟು ವರ್ಷಗಳಿಂದ ನೋಡಿದ್ದೆನೋ. ಎಲ್ಲಿಂದ ಬರುತ್ತಾರೆ ಎಂದು ಕೇಳಿರಲಿಲ್ಲ.

ಭಾದ್ರಪದದಲ್ಲಿ ಒಂದು ಸಂಜೆ ನಾವು ಕಟ್ಟೆಯ ಮೇಲಿದ್ದಾಗ ದೊಡ್ಡ ಮಳೆ ಹಿಡಿಯಿತು. ಸಮುದಾಯ ಭವನಕ್ಕೆ ಇನ್ನೂ ಮೇಲ್ಛಾವಣಿ ಇರಲಿಲ್ಲ. ಮಕ್ಕಳನ್ನೆಲ್ಲ ಕರೆದುಕೊಂಡು ನಮ್ಮ ಮನೆಗೆ ಓಡಿದೆ. ಅತ್ತೆ ಬೈಯುತ್ತಾರೇನೋ ಎಂದುಕೊಂಡಿದ್ದೆ, ಅವರು ಬೈಯಲಿಲ್ಲ. "ಅಯ್ಯ, ಕೂಸುಗಳು ತೊಯ್ದಾವ" ಎಂದು ಟವಲು ತಂದುಕೊಟ್ಟರು, ತಾವೇ ಚಹಾ ಮಾಡಿದರು, ಖಾರಿ ಬಿಸ್ಕೀಟಿನ ಡಬ್ಬಿ ತೆರೆದರು. ಚಹಾವನ್ನು ಮಾತ್ರ ಅಂಗಡಿಯಿಂದ ತಂದಿಟ್ಟಿದ್ದ ಕಾಗದದ ಕಪ್ಪಿನಲ್ಲಿ ಕೊಟ್ಟರು. ನನ್ನ ಮಗಳಿಗೆ ಅವಳ ಸ್ಟೀಲಿನ ಲೋಟದಲ್ಲಿ ಹಾಲು. ಯಾರೂ ಏನೂ ಗಮನಿಸಿದಂತೆ ಕಾಣಲಿಲ್ಲ. ಕುಡಿದಾದ ಮೇಲೆ ಆ ಹುಡುಗಿ ತಮ್ಮನನ್ನು ಕೆಳಗಿಳಿಸಿ, ಕಪ್ಪುಗಳನ್ನೆಲ್ಲ ಒಂದರೊಳಗೊಂದು ಸೇರಿಸಿ, "ಕಸಬರಗಿ ಎಲ್ಲೈತ್ರಿ?" ಎಂದಳು. ಪಡಸಾಲೆಯ ತುಂಬ ಕೆಸರಿನ ಹೆಜ್ಜೆಗಳಿದ್ದವು.

"ಬಿಡವಾ, ನಾ ಮಾಡ್ತೀನಿ," ಎಂದೆ.

"ಇರ್ಲಿ ಬಿಡ್ರಿ ಅಕ್ಕಾರ. ನಾವ ಹೊಲಸ ಮಾಡೇವಿ."

ಅವಳು ಬಗ್ಗಿ ಗುಡಿಸುತ್ತಿದ್ದಾಗ ನನ್ನ ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ಕಾರ್ಟೂನು ನೋಡುತ್ತಿದ್ದಳು. ಪೊರಕೆ ಹತ್ತಿರ ಬಂದಾಗ ತಾನಾಗಿಯೇ ಕಾಲು ಮೇಲೆತ್ತಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದಸರೆ ಮುಗಿದ ಮೇಲೆ ಮಡ್ಡಿಯಲ್ಲಿ ಮಾತೆಲ್ಲ ಗೋವಾದ್ದೇ. ಹಬ್ಬಕ್ಕೆಂದು ಬಂದವರು, ಮುಂಗಾರಿನ ಕೆಲಸಕ್ಕೆಂದು ಉಳಿದವರು ದೀಪಾವಳಿ ಮುಗಿಯುತ್ತಿದ್ದಂತೆ ಹೊರಡುವರು. "ನಾವೂ ಹೋಗ್ತೀವ್ರಿ," ಎಂದಳು ಹುಡುಗಿ, ನಾನು ಅವಳ ಹೆಣಿಕೆ ಹಾಕುತ್ತಿದ್ದಾಗ. "ಅಪ್ಪನ ಮೇಸ್ತ್ರಿ ಫೋನ್ ಮಾಡ್ಯಾನ. ಭಾಳ ದೊಡ್ಡ ಬಿಲ್ಡಿಂಗ್ ಅಂತ."

"ಮತ್ತ ಸಾಲಿ?"

"ಹೊಳ್ಳಿ ಬಂದ ಮ್ಯಾಲ ಹೋಗ್ತೀನ್ರಿ."

ನಾನು ಅವಳ ಶಾಲೆಗೆ ಹೋದೆ. ಹೆಡ್ ಮಾಸ್ಟರರು ಒಳ್ಳೆಯವರು. ನನ್ನನ್ನು ಕೂರಿಸಿ ಎಲ್ಲ ಹೇಳಿದರು. ದೀಪಾವಳಿಯಾದ ಮೇಲೆ ಪ್ರತಿ ವರ್ಷ ಎಷ್ಟೋ ಬೆಂಚುಗಳು ಖಾಲಿಯಾಗುತ್ತವಂತೆ. ಯಾರ ಹೆಸರನ್ನೂ ತೆಗೆಯುವುದಿಲ್ಲ, ಬಂದಾಗ ಮತ್ತೆ ಕೂರಿಸಿಕೊಳ್ಳುತ್ತೇವೆ ಎಂದರು. "ಹಾಸ್ಟೆಲ್ ಇಲ್ಲೇನ್ರಿ?" ಎಂದು ಕೇಳಿದೆ. "ಐತ್ರಿ. ಆದ್ರ ಐದನೇತ್ತಾದಿಂದ ತಗೋತಾರ. ಈಕಿ ಇನ್ನೂ ನಾಲ್ಕನೇತ್ತಾ," ಎಂದು ಕೈ ಬಿಡಿಸಿ ತೋರಿಸಿದರು. ಬಾಗಿಲವರೆಗೆ ಬಂದು, "ಮನ್ಯಾಗ ಅಜ್ಜಿ ಪಜ್ಜಿ ಯಾರರ ಇದ್ರ ಉಳಸ್ಕೋಬಹುದು ನೋಡ್ರಿ," ಎಂದರು. ಅವಳಿಗೆ ಅಜ್ಜಿ ಇರಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ನಾನು ಮನೆಯಲ್ಲಿ ವಿಷಯ ತೆಗೆದೆ. ಅವರು ಹೊಳ್ಳಿ ಬರುವವರೆಗೆ ಹುಡುಗಿ ನಮ್ಮಲ್ಲಿರಲಿ, ಇಲ್ಲಿಂದಲೇ ಶಾಲೆಗೆ ಹೋಗಲಿ ಎಂದೆ. ಮಗಳು ರೊಟ್ಟಿ ಬಿಟ್ಟು ಕುಣಿದಳು. ನನ್ನವರು, "ಜ್ವರಾ ಪರಾ ಬಂದ್ರ, ಏನರ ಆದ್ರ ಯಾರು ಜವಾಬ್ದಾರಿ?" ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ನಾನು ನೋಡಿಕೊಳ್ಳುತ್ತೇನೆ ಎಂದೆ. "ನೋಡು ಮತ್ತ" ಎಂದು ಅವರು ಕೈ ತೊಳೆದುಕೊಂಡರು. ಅವರ ಭಾಷೆಯಲ್ಲಿ ಅದು ಒಪ್ಪಿಗೆ.

ಅತ್ತೆ ಖುಷಿಯಿಂದಲೇ ಒಪ್ಪಿದರು. "ಇರ್ಲಿ ಬಿಡು. ನನಗೂ ಕೈ ಕೈಗೆ ಒಬ್ಬರು ಆಗ್ತಾರ. ಹುಡುಗಿ ಚುರುಕ ಐತಿ."

"ಅತ್ತಿ, ಆಕಿ ಓದಾಕ ಇರೂದು."

"ಓದ್ಲಿ, ಯಾರು ಬ್ಯಾಡಂದ್ರು? ಓದಿ ಉಳಿದ ಹೊತ್ತನ್ಯಾಗ ಏನ ಮಾಡ್ತಾಳ? ಅಡಗಿಮನಿ ಬಾಜೂಕ ಖೋಲಿ ಐತಲ್ಲ, ಅಲ್ಲಿ ಒಂದು ಹಾಸಿಗಿ ಹಾಕೂಣು."

"ಆಕಿ ನನ್ನ ಖೋಲ್ಯಾಗ ಮಲಗ್ತಾಳ!" ಎಂದಳು ಮಗಳು.

"ಆತು, ಆಮ್ಯಾಲ ನೋಡೂಣಂತ," ಎಂದು ಅತ್ತೆ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅತ್ತೆಯ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅವರಿಗೆ ಆ ಹುಡುಗಿಯನ್ನು ನಮ್ಮ ಮನೆಯೊಳಗೆ ಕಲ್ಪಿಸಿಕೊಳ್ಳಲು ಇದ್ದ ದಾರಿ ಅದೊಂದೇ.

ಮರುದಿನ ಮಡ್ಡಿಗೆ ಹೋಗಿ ಹುಡುಗಿಯ ತಾಯಿಯನ್ನು ಕಂಡೆ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ದಾರಿಗೆ ಬೇಕೆಂದು ರೊಟ್ಟಿ ಬಡಿದು, ಒಣಗಿ ಕಟಕಾಗಲೆಂದು ಬಟ್ಟೆಯ ಮೇಲೆ ಹರಡುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದಳು. ಬಾಗಿಲಲ್ಲಿ ಕೂತಿದ್ದ ಅವಳ ಗಂಡ, "ಸಣ್ಣಾಂವನ್ನ ಅಲ್ಲಿ ಯಾರು ನೋಡ್ಕೋಬೇಕ್ರಿ?" ಎಂದ. ಕಟ್ಟಡದ ಕೆಲಸದ ಜಾಗದಲ್ಲಿ ಕಬ್ಬಿಣ, ಗುಂಡಿ, ನೀರಿನ ಟ್ಯಾಂಕು. ಕೂಸನ್ನು ಕಣ್ಣಿಟ್ಟು ನೋಡುವವರಿಲ್ಲದಿದ್ದರೆ ತಾಯಿ ಕೆಲಸಕ್ಕೆ ಹೋಗುವಂತಿಲ್ಲ. ಹುಡುಗಿಯ ತಾಯಿ ಕೊನೆಯ ರೊಟ್ಟಿ ಹರಡಿ, "ಎರಡು ದಿನ ಕರಕೊಂಡು ಹೋಗಿ ನೋಡ್ರಿ ಅಕ್ಕಾರ. ಆಕಿ ಮನಸ್ಸು ಹ್ಯಾಂಗ ಆಗ್ತೈತಿ ನೋಡೂಣು," ಎಂದಳು.

ಶನಿವಾರ ಮಧ್ಯಾಹ್ನ ಹುಡುಗಿ ಬಂದಳು. ತಲೆಗೆ ಎಣ್ಣೆ ಹಚ್ಚಿ ಎಳೆದು ಬಾಚಿದ್ದರು. ಹಬ್ಬಕ್ಕೆ ಹೊಲಿಸಿದ ಹಳದಿ ಫ್ರಾಕು. ತಮ್ಮನನ್ನು ಮನೆಯಲ್ಲಿ ಬಿಟ್ಟು ಅವಳು ಒಬ್ಬಳೇ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೊಂಟ ಖಾಲಿಯಿದ್ದರೂ ನಡಿಗೆ ಒಂದು ಕಡೆ ವಾಲುತ್ತಿತ್ತು. ಇಬ್ಬರೂ ಮೇಲಿನ ಕೋಣೆಗೆ ಓಡಿದರು. ಸಂಜೆಯವರೆಗೆ ಮೇಲಿನಿಂದ ನಗು ಕೇಳುತ್ತಿತ್ತು. ಅಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಎಲ್ಲ ಸುಸೂತ್ರವಾಗಿ ಆಗಿಬಿಡುತ್ತದೆ, ನಾನು ಸುಮ್ಮನೆ ಅಂಜಿದೆ ಎಂದುಕೊಂಡೆ.

ಊಟಕ್ಕೆ ಕರೆದಾಗ ಅವಳು ಟೇಬಲ್ಲಿನ ಹತ್ತಿರ ಬಂದು, ಕುರ್ಚಿಯನ್ನು ನೋಡಿ, ಅದರ ಪಕ್ಕ ನೆಲದ ಮೇಲೆ ಕೂತಳು. "ಮ್ಯಾಲ ಕೂಡವಾ" ಎಂದೆ. "ಇಲ್ಲೇ ಬೇಷಿ ಐತ್ರಿ" ಎಂದಳು. ಮಗಳೂ ಕೆಳಗಿಳಿದು ಅವಳ ಪಕ್ಕ ಕೂತಳು. ನಾನೂ ಕೂತೆ. ಅತ್ತೆ ಮೇಲೆ ಒಬ್ಬರೇ ಕೂತು, "ಇದೇನು ಹೊಸಾ ಪದ್ಧತಿ" ಎಂದು ನಕ್ಕರು. ಊಟವಾಗುತ್ತಿದ್ದಂತೆ ಹುಡುಗಿ ನಮ್ಮೆಲ್ಲರ ತಟ್ಟೆ ಎತ್ತಿಕೊಂಡು ಹೋಗಿ ತೊಳೆಯಲು ನಿಂತಳು. ನಾನು ಕೈ ಹಿಡಿದು ನಿಲ್ಲಿಸಿದೆ. ನಲ್ಲಿಯ ಮುಂದೆ ಅವಳು ಏನು ಮಾಡಬೇಕೆಂದು ತಿಳಿಯದೆ ನಿಂತಳು.

ಭಾನುವಾರ ನರಗುಂದದಿಂದ ನಮ್ಮವರ ಕಡೆಯ ನೆಂಟರು ಮದುವೆ ಜವಳಿಗೆಂದು ಬಂದರು. ಅಂಗಡಿಗೆ ಹೋಗುವ ಮೊದಲು ಮನೆಗೆ ಬಂದು ಕೂತರು. ಆಗ ಇಬ್ಬರು ಹುಡುಗಿಯರೂ ಪಡಸಾಲೆಯಲ್ಲಿ ಬಣ್ಣ ತುಂಬುತ್ತಿದ್ದರು. ಚಪ್ಪಲಿಯ ಸಪ್ಪಳ ಕೇಳುತ್ತಿದ್ದಂತೆ ಆ ಹುಡುಗಿ ಎದ್ದಳು. ಮಗಳು ಕೂತೇ ಇದ್ದಳು. ನಾನು ನೆಂಟರ ಹತ್ತಿರ ಕ್ಷೇಮ ಸಮಾಚಾರ ಕೇಳುತ್ತಿರುವಾಗಲೇ ಒಳಗಿನಿಂದ ತಟ್ಟೆಯಲ್ಲಿ ನೀರಿನ ಲೋಟಗಳು ಬಂದವು. ಒಂದು ಹನಿಯೂ ಚೆಲ್ಲದಂತೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಲೋಟಗಳ ಮೇಲೆಯೇ ಇಟ್ಟು ಅವಳು ಬರುತ್ತಿದ್ದಳು. ಹೋಗು, ನೀರು ತಾ ಎಂದು ಯಾರೂ ಹೇಳಿರಲಿಲ್ಲ. ಅತ್ತೆ ದೇವರ ಕೋಣೆಯಲ್ಲಿದ್ದರು.

ನೆಂಟರಾಕೆ ಲೋಟ ತೆಗೆದುಕೊಳ್ಳುತ್ತ ನನಗೆ ಹೇಳಿದಳು: "ಹೊಸದಾಗಿ ಇಟ್ಕೊಂಡೀರೇನು? ಚಲೋ ಆತು ಬಿಡ್ರಿ. ಈಗ ಹಿಂತಾ ಹುಡುಗೂರು ಎಲ್ಲಿ ಸಿಗ್ತಾರ?"

"ಆಕಿ ನನ್ನ ಫ್ರೆಂಡ್!" ಎಂದು ಮಗಳು ಕೂತಲ್ಲಿಂದಲೇ ಕೂಗಿದಳು.

ನೆಂಟರಾಕೆ ಪ್ರೀತಿಯಿಂದ ನಕ್ಕಳು. "ಹೌದೇನವಾ? ಜಾಣಿ!" ಎಂದು ಮಗಳ ಗಲ್ಲ ಹಿಂಡಿದಳು. ನಾನು, "ಹಂಗಲ್ರಿ, ಆಕಿ ಸಾಲಿ ಓದಾಕ..." ಎಂದು ಶುರು ಮಾಡಿದೆ. ಅಷ್ಟರಲ್ಲಿ ಮಾತು ಸೀರೆಗಳ ಕಡೆ ತಿರುಗಿತ್ತು. ಹುಡುಗಿ ಖಾಲಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಣ್ಣ ತುಂಬುತ್ತಿದ್ದ ಹಾಳೆಯ ಹತ್ತಿರ ಮತ್ತೆ ಬರಲಿಲ್ಲ. ನೆಂಟರು ಹೋಗುವವರೆಗೂ ಅಲ್ಲಿಯೇ ನಿಂತಿದ್ದಳು. "ಬಾ, ಕೂಡು ಬಾ" ಎಂದು ನಾನು ಕರೆದರೆ ಎಲ್ಲರೂ ಅವಳನ್ನೇ ನೋಡುತ್ತಾರೆ, ಕರೆಯದಿದ್ದರೆ ಅವಳು ನಿಂತೇ ಇರುತ್ತಾಳೆ. ನಾನು ಅಲ್ಲಿ ಚಹಾ ಬಸಿಯುತ್ತ ಅದನ್ನೇ ಯೋಚಿಸುತ್ತಿದ್ದೆ. ಚಹಾ ತಟ್ಟೆಗೆ ಚೆಲ್ಲಿತು.

ಸಂಜೆ ಅವಳು ತಾನಾಗಿ ನನ್ನ ಹತ್ತಿರ ಬಂದಳು. "ಅಕ್ಕಾರ, ನಾ ಮನಿಗೆ ಹೋಗ್ತೀನ್ರಿ. ತಮ್ಮ ನಾ ಇಲ್ಲದ ನಿದ್ದಿ ಮಾಡಂಗಿಲ್ಲ."

"ಬ್ಯಾಸರ ಆತೇನವಾ?"

"ಇಲ್ರಿ, ಚಲೋ ಐತ್ರಿ ನಿಮ್ಮ ಮನಿ," ಎಂದಳು. ಬಾಗಿಲ ಕಡೆ ತಿರುಗಿ, "ಭಾಳ ದೊಡ್ಡದೈತ್ರಿ," ಎಂದಳು.

ನಾನೇ ಅವಳನ್ನು ಬಿಡಲು ಹೋದೆ. ಮಡ್ಡಿ ಕಾಣುತ್ತಿದ್ದಂತೆ ಅವಳು ಕೈ ಬಿಡಿಸಿಕೊಂಡು ಓಡಿದಳು. ತಮ್ಮ ಅವಳನ್ನು ಕಂಡು ಎರಡೂ ಕೈ ಚಾಚಿದ. ಅವನನ್ನು ಸೊಂಟದ ಮೇಲೆ ಏರಿಸಿಕೊಂಡ ಮರುಕ್ಷಣ ಅವಳ ಕಂಡಕ್ಟರ್ ಧ್ವನಿ ಮರಳಿ ಬಂತು. ಯಾರ ಜೊತೆಗೋ ಆಗಲೇ ಜಗಳ ಶುರುವಾಗಿತ್ತು.

ಅವಳ ತಾಯಿ ನನಗೆ ಕೂರಲು ಗೋಣಿಚೀಲ ಹಾಸಿದಳು. ಏನಾಯಿತೆಂದು ಕೇಳಲಿಲ್ಲ. ನಾನೇ ನೆಂಟರು ಬಂದದ್ದನ್ನು, ನೀರು ತಂದದ್ದನ್ನು ಹೇಳಿದೆ. ಯಾರೂ ಹೇಳಿರಲಿಲ್ಲ ಎಂದು ಎರಡು ಸಲ ಹೇಳಿದೆ.

"ಹೇಳಬೇಕಾಗಂಗಿಲ್ರಿ ಅಕ್ಕಾರ," ಎಂದಳು ಅವಳು. "ನನ್ನೂ ಹಿಂಗ ಬಿಟ್ಟಿದ್ರು. ರೋಣದಾಗ, ಒಬ್ಬರ ಮನ್ಯಾಗ. ನಾ ಆಗ ಈಕಿಯಷ್ಟ ಇದ್ದೆ. ಅವರೂ ಚಲೋ ಮಂದಿ. ಹೊಡೀಲಿಲ್ಲ, ಬಡೀಲಿಲ್ಲ, ಹೊಟ್ಟಿ ತುಂಬ ಹಾಕಿದ್ರು. ಸಾಲಿಗೂ ಕಳಿಸಿದ್ರು. ನಾ ಏಳನೇತ್ತಾ ತನಕ ಕಲತೀನಿ ಅಲ್ಲಿ."

ಅವಳು ಓದಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಆದ್ರ ಮಂದಿ ಬಂದ್ರ ಎದ್ದು ಒಳಗ ಹೋಗೂದು ಕಲತ ಬಿಟ್ಟೆ. ಯಾರೂ ಕಲಿಸಲಿಲ್ಲ. ಇವತ್ತಿಗೂ ನೋಡ್ರಿ, ನಮ್ಮ ಮನಿಗೆ ಯಾರರ ಬಂದ್ರ ಕೂತಲ್ಲೆ ಎದ್ದು ನಿಂತ ಬಿಡ್ತೀನಿ. ಇವರು ನಗತಾರ, ನಿನ್ನ ಮನ್ಯಾಗ ನೀ ಯಾಕ ಎದ್ದು ನಿಲ್ತಿ ಅಂತ." ಗಂಡನ ಕಡೆ ಕೈ ತೋರಿಸಿ ಅವಳೂ ನಕ್ಕಳು. ಆಮೇಲೆ ನನ್ನ ಮುಖ ನೋಡಿ, ನನಗೆ ನೋವಾಯಿತೇನೋ ಎಂದು, "ನಿಮ್ಮದೇನ ತಪ್ಪಿಲ್ರಿ. ನೀವು ಇಷ್ಟ ಕಳಕಳಿ ಮಾಡ್ತೀರಿ, ಯಾರು ಮಾಡ್ತಾರ? ಖರೇ ಹೇಳ್ತೀನಿ. ಆದ್ರ ನಿಮ್ಮ ಮನ್ಯಾಗ ಆಕಿ ಏನಾಗಿ ಇರಬೇಕ್ರಿ? ಅಲ್ಲಿ ಉಸುಕಿನ ಮ್ಯಾಲ ಮಲಗಿದ್ರೂ ನನ್ನ ಮಗಳಾಗಿ ಮಲಗ್ತಾಳ," ಎಂದಳು.

ಹಾಗಾದರೆ ಹುಡುಗಿಯ ಓದು? ಕೇಳಬೇಕೆಂದುಕೊಂಡೆ. ಅದು ಆ ತಾಯಿಗೆ ಗೊತ್ತಿಲ್ಲದ ವಿಷಯವೇನಲ್ಲ. ಏಳನೇ ತರಗತಿಯವರೆಗೆ ಓದಿದವಳು ಇಂದು ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊರಲು ಹೊರಟಿದ್ದಳು. ಚಹಾ ಕುಡಿದು ಎದ್ದುಬಂದೆ. ಅವಳು ಚಹಾ ಕೊಟ್ಟಿದ್ದು ಮನೆಯಲ್ಲಿದ್ದ ಒಂದೇ ಒಂದು ಪಿಂಗಾಣಿ ಕಪ್ಪಿನಲ್ಲಿ.

ಅವರು ಹೊರಟ ದಿನ ನಾನೂ ಮಗಳೂ ಬಸ್ ಸ್ಟ್ಯಾಂಡಿಗೆ ಹೋದೆವು. ಸಂಜೆಯ ಗೋವಾ ಬಸ್ಸು ಇನ್ನೂ ಬಂದಿರಲಿಲ್ಲ. ಜಾಗವೆಲ್ಲ ಗಂಟು, ಕೊಡ, ಸ್ಟೋವು, ಸುತ್ತಿದ ಚಾಪೆ. ಹುಡುಗಿಗೆ ನಮ್ಮ ಜೊತೆ ಮಾತಾಡಲು ಪುರಸತ್ತಿರಲಿಲ್ಲ. ಸಾಮಾನು ಕಾಯುತ್ತ, ತಮ್ಮನಿಗೆ ಬಾಳೆಹಣ್ಣು ತಿನ್ನಿಸುತ್ತ, ದೂರದಿಂದ ಬರುವ ಪ್ರತಿ ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದಿ ತಾಯಿಗೆ ಹೇಳುತ್ತಿದ್ದಳು. ಮಗಳು ತನ್ನ ಬಣ್ಣದ ಪೆನ್ಸಿಲ್ಲುಗಳ ಡಬ್ಬಿ ಕೊಟ್ಟಳು. ಹುಡುಗಿ ಅದನ್ನು ಫ್ರಾಕಿನೊಳಗೆ ಎದೆಯ ಹತ್ತಿರ ಸಿಗಿಸಿಕೊಂಡಳು.

"ನೀನೂ ಬಾರಲೇ," ಎಂದಳು ಮಗಳಿಗೆ. "ಸಮುದ್ರ ತೋರಸ್ತೀನಿ."

ಮಗಳು ನನ್ನ ಕಡೆ ತಿರುಗಿ, "ಹೋಗೂಣೇನಮ್ಮ? ಸೂಟಿ ಬಿಟ್ಟಾಗ?" ಎಂದಳು.

"ಹೋಗೂಣು," ಎಂದೆ. ನಾವು ಹೋಗಬಹುದಿತ್ತು. ಹೋಟೆಲ್ಲು ಬುಕ್ ಮಾಡಿ, ಸಮುದ್ರದಲ್ಲಿ ಆಡಿ, ಫೋಟೋ ತೆಗೆಸಿಕೊಂಡು ಬರಬಹುದಿತ್ತು. ಹುಡುಗಿಯ ತಾಯಿ ನನ್ನನ್ನು ನೋಡಿ ನಕ್ಕಳು. ಅಷ್ಟರಲ್ಲಿ ಬಸ್ಸು ಬಂತು. ಎಲ್ಲರೂ ಒಮ್ಮೆಲೇ ಮುಗಿಬಿದ್ದರು. ಆ ಗದ್ದಲದಲ್ಲಿ ಅವರು ಯಾವ ಕಡೆಯಿಂದ ಹತ್ತಿದರು ಎಂಬುದೂ ನನಗೆ ಕಾಣಲಿಲ್ಲ.

ಆಮೇಲೆ ಒಂದೆರಡು ಸಲ ಅವಳ ತಂದೆಯ ಮೊಬೈಲಿನಿಂದ ವಿಡಿಯೋ ಕಾಲ್ ಬಂತು. ಹಿಂದೆ ಬರಿಯ ಕಂಬಗಳು, ಕಬ್ಬಿಣದ ಸರಳು. "ಇಲ್ಲಿ ಲಿಫ್ಟ್ ಕುಂದರ್ಸ್ಯಾರ. ಮಾಲಕರು ಬಂದಾಗ ಅಷ್ಟ ಚಾಲೂ ಮಾಡ್ತಾರ. ನಮ್ಮನ್ನ ಹತ್ತಗೊಡಂಗಿಲ್ಲ," ಎಂದಳು. ಮಗಳು, ಸಮುದ್ರ ತೋರಿಸು ಎಂದಳು. ಸಮುದ್ರ ಅಲ್ಲಿಂದ ಬಲು ದೂರ ಇತ್ತಂತೆ. ಅವರು ಇನ್ನೂ ನೋಡಿರಲಿಲ್ಲ. ಬರಬರುತ್ತ ಕಾಲ್ ಬರುವುದು ನಿಂತಿತು. ಮಗಳಿಗೆ ಪರೀಕ್ಷೆ, ಅಬಾಕಸ್ ಕ್ಲಾಸು, ಓಣಿಗೆ ಹೊಸದಾಗಿ ಬಂದ ಬ್ಯಾಂಕಿನವರ ಮಗಳು. ನಾನು ಮಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ಕಟ್ಟೆಯ ಮೇಲೆ ನಾಲ್ಕೈದು ಮಕ್ಕಳು ಉಳಿದಿದ್ದರು. ಬೀಗ ಹಾಕಿದ ತಗಡಿನ ಬಾಗಿಲುಗಳ ಮುಂದೆ ಆಡುಗಳು ಮಲಗಿರುತ್ತಿದ್ದವು.

ಮುಂಗಾರಿನ ಮೊದಲ ಮಳೆಯಾದ ಮೇಲೆ ಅವರು ಹಿಂದಿರುಗಿದರು. ಸುದ್ದಿ ತಿಳಿದು ಮಗಳನ್ನು ಕರೆದುಕೊಂಡು ಹೋದೆ. ಹುಡುಗಿ ಉದ್ದವಾಗಿದ್ದಳು, ಬಿಸಿಲಿಗೆ ಕಪ್ಪಾಗಿದ್ದಳು, ಕೂದಲನ್ನು ಗಿಡ್ಡ ಕತ್ತರಿಸಿದ್ದರು. ತಮ್ಮ ಈಗ ನಡೆಯುತ್ತಿದ್ದ. ಅವಳು ನಮ್ಮನ್ನು ಕಂಡು ಕಟ್ಟೆಯಿಂದ ಕೆಳಗಿಳಿದು ಬಂದಳು. ನನ್ನ ಮಗಳ ಮುಂದೆ ನಿಂತು, ನಗುತ್ತ, ಕೈಗಳನ್ನು ಫ್ರಾಕಿಗೆ ಒರೆಸಿಕೊಳ್ಳುತ್ತ, "ಆರಾಮ ಅದೀರೇನ್ರಿ?" ಎಂದಳು.

ಮಗಳು ಹಿಂದೆ ತಿರುಗಿ ನೋಡಿದಳು, ನನಗೆ ಹೇಳಿದಳೇನೋ ಎಂದು. ಅವಳು ಮಗಳಿಗೇ ಹೇಳಿದ್ದಳು. ಗೋವಾದಲ್ಲಿ ಮಾಲಕರ ಮಕ್ಕಳು ಬರುತ್ತಿದ್ದರೋ, ಯಾರಾದರೂ ಗದರಿದ್ದರೋ, ಅಥವಾ ನಮ್ಮ ಮನೆಯಲ್ಲಿ ಕಳೆದ ಆ ಎರಡು ದಿನವೇ ಸಾಕಾಗಿತ್ತೋ, ನನಗೆ ಗೊತ್ತಿಲ್ಲ. ಇಬ್ಬರಿಗೂ ಯಾವ ಆಟ ಆಡುವುದೆಂದು ಹೊಳೆಯಲಿಲ್ಲ. ಮಗಳು ಅಬಾಕಸ್ಸಿನ ಬಗ್ಗೆ ಏನೋ ಹೇಳಿದಳು. ಹುಡುಗಿ ಪ್ರತಿ ಮಾತಿಗೂ "ಹೌದ್ರಿ" ಎಂದು ತಲೆ ಆಡಿಸಿದಳು.

ಅವಳನ್ನು ಐದನೇ ತರಗತಿಗೆ ಹಾಕಿಕೊಂಡರು. ಹಾಸ್ಟೆಲ್ಲಿನ ವಿಷಯ ನಾನು ಮತ್ತೆ ತೆಗೆದೆ. ಅವಳ ತಾಯಿ ಈ ಸಲ, "ಅಲ್ಲಿ ಎಲ್ಲಾರೂ ಒಂದ ನಮೂನಿ ಹುಡುಗೂರು ಇರ್ತಾರಲ್ರಿ, ನೋಡ್ರಿ" ಎಂದು ಒಪ್ಪಿದಳು. ನಾನೇ ಓಡಾಡಿದೆ. ಸೀಟು ತುಂಬಿವೆ, ಯಾರಾದರೂ ಬಿಟ್ಟರೆ ಹೇಳಿ ಕಳಿಸುತ್ತೇವೆ ಎಂದರು. ನನ್ನವರು ತಮಗೆ ಪರಿಚಯದ ಮುಖಂಡರೊಬ್ಬರಿಗೆ ಹೇಳಿಸಿದರು. ಅವರೂ ನೋಡೋಣ ಎಂದರು. ಮಳೆಗಾಲ ಮುಗಿದರೂ ಯಾರೂ ಹೇಳಿ ಕಳಿಸಿಲ್ಲ. ಮಡ್ಡಿಯಲ್ಲಿ ಈಗ ಮತ್ತೆ ಮೇಸ್ತ್ರಿಯ ಫೋನಿನ ಮಾತು ಶುರುವಾಗಿದೆ.

ಹುಡುಗಿಯನ್ನು ಮತ್ತೆ ಕಂಡ ಆ ದಿನ ಮಡ್ಡಿಯಿಂದ ಮನೆಗೆ ಬರುವಾಗ ಮಗಳು ಕೇಳಿದ್ದಳು: "ಅಮ್ಮ, ಆಕಿ ನನಗ್ಯಾಕ ರೀ ಹಚ್ಚಿ ಮಾತಾಡಿದ್ಲು?"

"ಭಾಳ ದಿನ ಆಗಿತ್ತಲ್ಲ, ನಾಚಿಕಿ ಬಂದಿರಬೇಕು," ಎಂದೆ. ಅವಳು ನಂಬಲಿಲ್ಲ. ಮುಂದಿನ ವಾರ ತಾನಾಗಿಯೇ ನನ್ನ ಜೊತೆ ಮಡ್ಡಿಗೆ ಬಂದು, ಸೀದಾ ಹುಡುಗಿಯ ಹತ್ತಿರ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನನಗ ರೀ ಅನಬ್ಯಾಡ. ನೀ ಅನ್ನು."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಆತ್ರಿ," ಎಂದಳು. "ಇನ್ನ ಮ್ಯಾಲ ಅನ್ನಂಗಿಲ್ರಿ."